ಕೊನೆಯ ಬೆಂಚಿನ ಕಹಿ

ಬೆಳಕು ಹರಿಯುವ ಹೊತ್ತಿಗೆ ಸಿಗಾರ್ ಕಾರ್ಖಾನೆಯ ಹಿಂದಿನ ಕೋಣೆಯ ಕಿಟಕಿ ತೆರೆಯುತ್ತದೆ. ಒಳಗೆ ಒಂದು ಮರದ ಕುರ್ಚಿ, ಮೇಜು, ಸಕ್ಕರೆ ಹಾಕದ ಕರಿ ಚಹಾ, ಬೂದಿಗೊಂದು ಮಣ್ಣಿನ ಬಟ್ಟಲು. ಕುರ್ಚಿಯಲ್ಲಿ ಕೂತ ಹೆಂಗಸು ಕಡ್ಡಿ ಗೀರುತ್ತಾರೆ. ಮದ್ದಿನ ವಾಸನೆ ಹೋಗುವ ತನಕ ಕಾದು, ಸಿಗಾರಿನ ತುದಿಯನ್ನು ಉರಿಯ ಹತ್ತಿರ ಹಿಡಿದು ನಿಧಾನವಾಗಿ ತಿರುಗಿಸುತ್ತಾರೆ. ಒಂದು ದಮ್ಮು ಎಳೆದು, ಹೊಗೆಯನ್ನು ಎದೆಗಿಳಿಸದೆ ಬಾಯಲ್ಲೇ ಆಡಿಸಿ ಬಿಡುತ್ತಾರೆ. ಆಮೇಲೆ ಕೈಕಟ್ಟಿ ಸುಮ್ಮನೆ ಕೂರುತ್ತಾರೆ. ಹೀಗೆ ಸುಮ್ಮನೆ ಕೂರುವುದು ಇತ್ತೀಚಿನ ಅಭ್ಯಾಸ. ಅದು ಶುರುವಾದದ್ದಕ್ಕೊಂದು ಕತೆಯಿದೆ.

ಕಾರ್ಖಾನೆಗೆಲ್ಲ ಅವರು ನಾಲಿಗೆಯಮ್ಮ. ಎಲೆಯ ನರ ಬಿಡಿಸುವ ಕೂಲಿಯಾಗಿ ಸೇರಿ, ಸಿಗಾರ್ ಸುತ್ತುವ ಬೆಂಚಿಗೆ ಬಡ್ತಿ ಪಡೆದು, ಹಳೆಯ ರುಚಿಗಾರ ತೀರಿಕೊಂಡ ಮೇಲೆ ಈ ಕುರ್ಚಿಗೆ ಬಂದವರು. ದಿನಾ ಪ್ರತಿ ಬೆಂಚಿನಿಂದ ಒಂದೊಂದು ಸಿಗಾರ್, ಬೆಂಚುಗಳ ಸಾಲಿನ ಕ್ರಮದಲ್ಲೇ, ಅವರ ತಟ್ಟೆಗೆ ಬರುತ್ತದೆ. ಅವರು ಕಹಿ ಎಂದರೆ ಆ ಬೆಂಚಿನಲ್ಲಿ ಸುತ್ತಿದ ಕಟ್ಟೆಲ್ಲ ವಾಪಸ್. ಒಬ್ಬರ ಕಟ್ಟು ಹೀಗೆ ಮೂರು ಸಲ ಬಿದ್ದರೆ ಅವರು ಬೆಂಚು ಬಿಟ್ಟು ಏಳಬೇಕು, ಮಾತಿಲ್ಲ ಕತೆಯಿಲ್ಲ. ತುಂಬ ಮೆಚ್ಚಿದ ಕಟ್ಟಿನಿಂದ ಎರಡು ಸಿಗಾರ್ ತೆಗೆದು, ತಮ್ಮ ಕೈಯಾರೆ ಕೆಂಪು ದಾರದ ಗಂಟು ಹಾಕಿ, ಸುತ್ತಿದವರಿಗೇ ಕೊಡುತ್ತಾರೆ. ಆ ಜೋಡಿಯನ್ನು ಯಾರೂ ಸೇದುವುದಿಲ್ಲ. ಡಬ್ಬಿಯಲ್ಲಿಟ್ಟು ಬಂದ ನೆಂಟರಿಗೆಲ್ಲ ತೋರಿಸುತ್ತಾರೆ.

ಒಂದೇ ಸಿಗಾರ್ ಒಂದೊಂದು ಹೊತ್ತಿಗೆ ಒಂದೊಂದು ರುಚಿ ಕೊಡುತ್ತದೆ ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಎಲೆ ತೇವ ಕುಡಿದಿದ್ದರೆ ಒಂದು ರುಚಿ, ಒಣಗಿದ್ದರೆ ಇನ್ನೊಂದು. ನೆಗಡಿಯಾದರೆ ರುಚಿಯೇ ಇಲ್ಲ. ಅದಕ್ಕೇ ಅವರು ಈರುಳ್ಳಿ ಬಿಟ್ಟರು, ಹಲ್ಲುಪುಡಿ ಬಿಟ್ಟು ಉಪ್ಪಿಗೆ ಬಂದರು, ಬೆಳಿಗ್ಗೆ ಬಾಯಿಗೆ ಕರಿ ಚಹಾ ಬಿಟ್ಟು ಬೇರೇನೂ ಮುಟ್ಟಿಸುವುದಿಲ್ಲ. "ನಾಲಿಗೆ ಒಳ್ಳೇದಾದ್ರೆ ನಾಡೆಲ್ಲ ಒಳ್ಳೇದು ಅಂತಾರೆ. ನಮ್ಮನೆಯವರು ಮಾತ್ರ, ಇಷ್ಟು ಒಳ್ಳೇ ನಾಲಿಗೆ ಇಟ್ಕೊಂಡು ಅಡುಗೆಗೆ ಉಪ್ಪು ಹಾಕೋದು ಮರೀತೀಯಲ್ಲೇ ಅಂತ ನಗ್ತಿದ್ರು," ಎನ್ನುತ್ತಾರೆ.

ನಗುತ್ತಿದ್ದರು, ಈಗ ಮಾತು ತೊದಲುತ್ತದೆ. ಹೋದ ವರ್ಷ ಗಂಡನಿಗೆ ಪಾರ್ಶ್ವವಾಯು ಬಡಿದು ಬಲಭಾಗ ಬಿದ್ದುಹೋಯಿತು. ಮುಂಜಾನೆ ನಾದಿನಿ ಬಂದು ಅಣ್ಣನ ಹತ್ತಿರ ಕೂರುತ್ತಿದ್ದಳು. ಆದರೆ ಆಕೆಗೂ ಕೆಲಸವಿದೆ, ಬಸ್ಸಿದೆ. ಬಸ್ಸು ಬರುವ ಮುಂಚೆ ನಾಲಿಗೆಯಮ್ಮ ಮನೆ ಸೇರಲೇಬೇಕು. ತಟ್ಟೆಯ ಮೊದಲ ಸಿಗಾರುಗಳು ಮುಗಿಯುವಷ್ಟರಲ್ಲಿ ಅವರ ಕಣ್ಣು ಗೋಡೆಯ ಗಡಿಯಾರಕ್ಕೆ ಅಂಟಿಕೊಳ್ಳುತ್ತಿತ್ತು.

ಹಾಗಿರುವಾಗ ಕೊನೆಯ ಬೆಂಚಿನ ಹೆಂಗಸಿನ ಕಟ್ಟು ಮೂರು ಸಲ ಬಿತ್ತು. ಹಕ್ಕಿಯಂಥ ಮೈಕಟ್ಟಿನ ಆಕೆಯನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗುಬ್ಬಿ ಜಗಳ ಮಾಡಲಿಲ್ಲ, ಅಳಲಿಲ್ಲ. ಎಲೆ ಕೊಯ್ಯುವ ಚಾಕುವನ್ನು ಒರೆಸಿ ಬೆಂಚಿನ ಮೇಲಿಟ್ಟು ಹೋದಳು.

ಖಾಲಿಯಾದ ಜಾಗಕ್ಕೆ ಎಡಚ ಬಂದ. ಎಡಗೈಯಲ್ಲಿ ಸುತ್ತುವ ಅವನಿಗೆ ಸಾಲಿನ ನಡುವೆ ಪಕ್ಕದವರ ಮೊಣಕೈ ತಾಗುತ್ತಿತ್ತು. ಗೋಡೆ ಬದಿ ಹಾಯಾಗಿರುತ್ತದೆಂದು ತಾನೇ ಕೇಳಿಕೊಂಡು ಬಂದಿದ್ದ. ಕಾರ್ಖಾನೆಯಲ್ಲೇ ಎಲ್ಲರಿಗಿಂತ ಪಳಗಿದ ಕೈ, ಒಮ್ಮೆಯೂ ಕಟ್ಟು ಬಿದ್ದವನಲ್ಲ. ಕೊನೆಯ ಬೆಂಚಿಗೆ ಬಂದದ್ದೇ ಬಂದದ್ದು, ಒಂದು ಸಲ ಕಹಿ, ಎರಡನೇ ಸಲವೂ ಕಹಿ!

ಮೂರನೆಯ ಬೆಳಿಗ್ಗೆ ನಾಲಿಗೆಯಮ್ಮ ಕೊನೆಯ ಸಿಗಾರ್ ಹಚ್ಚಿ, ಸರಸರನೆ ಎಳೆದು, ಮುಖ ಸಿಂಡರಿಸಿ ಬೂದಿಯ ಬಟ್ಟಲಿಗೆ ಒತ್ತಿದರು. ಕಹಿ. ಮಾಲೀಕರು ಎಡಚನಿಗೆ ಏಳು ಎಂದರು. ಅವನು ಎದ್ದ, ಆದರೆ ಬಾಗಿಲ ಕಡೆ ಹೋಗದೆ ನೆಟ್ಟಗೆ ಹಿಂದಿನ ಕೋಣೆಗೆ ಬಂದ. ಜೇಬಿನಿಂದ ಒಂದು ಸಿಗಾರ್ ತೆಗೆದು ಮೇಜಿನ ಮೇಲಿಟ್ಟ. ಅದರಲ್ಲಿ ಕೆಂಪು ದಾರ ಇನ್ನೂ ನೇತಾಡುತ್ತಿತ್ತು.

"ಅಮ್ಮಾ, ಬೇಜಾರು ಮಾಡ್ಕೋಬೇಡಿ. ಈಗ ನೀವು ಕಹಿ ಅಂದ್ರಲ್ಲ, ಅದು ಇದರ ಜೋಡಿ. ನೀವೇ ಗಂಟು ಹಾಕಿ ಕೊಟ್ಟಿದ್ದು. ಹೆದರಿಕೆಯಾಗಿ ಅದನ್ನೇ ತಟ್ಟೆಗಿಟ್ಟೆ."

ನಾಲಿಗೆಯಮ್ಮ ಗಂಟನ್ನು ತಿರುಗಿಸಿ ನೋಡಿದರು. ತಮ್ಮ ಗಂಟು ತಮಗೆ ಗೊತ್ತಾಗುವುದಿಲ್ಲವೇ? ಬೆಣ್ಣೆಯಂತಿದೆ ಎಂದು ಊರಿಗೆಲ್ಲ ಸಾರಿದ್ದ ಕಟ್ಟು ಅದು. ಅಯ್ಯೋ ದೇವರೇ, ಅದನ್ನೇ ಕಹಿ ಎಂದು ಉಗಿದಿದ್ದರು! ಅವತ್ತು ನಾದಿನಿಗೆ ಬಸ್ಸು ತಪ್ಪಿದರೆ ತಪ್ಪಲಿ ಎಂದು ಹೇಳಿಕಳಿಸಿ, ಬಾಯಿ ಮುಕ್ಕಳಿಸಿ, ಉಸಿರು ತಹಬದಿಗೆ ಬರುವ ತನಕ ಕೂತರು. ಜೋಡಿಯ ಆ ಎರಡನೆಯ ಸಿಗಾರ್ ಹಚ್ಚಿದರು. ಒಂದು ದಮ್ಮು, ಆಮೇಲೆ ಬಿಡುವು. ಇನ್ನೊಂದು ದಮ್ಮು, ಮತ್ತೆ ಬಿಡುವು.

ಬೆಣ್ಣೆಯೇ. ಹುರಿದ ಬೀಜದ ಘಮ, ಕೊನೆಗೊಂದು ತೆಳ್ಳನೆಯ ಸಿಹಿ.

ಬೇಗ ಬೇಗ ಎಳೆದರೆ ಕೆಂಡ ಕಾಯುತ್ತದೆ, ಹೊಗೆ ಸುಡುತ್ತದೆ, ಎಂಥಾ ಎಲೆಯೂ ಕಹಿಯಾಗುತ್ತದೆ. ಹೊಸಬರಿಗೆ ಅವರೇ ಕಲಿಸುವ ಮೊದಲ ಪಾಠವಿದು. ಈರುಳ್ಳಿಯನ್ನು ದೂರವಿಟ್ಟ ಹಾಗೆ ಗಡಿಯಾರವನ್ನು ದೂರವಿಡಲು ಮಾತ್ರ ಹೊಳೆದಿರಲಿಲ್ಲ. ಕೊನೆಯ ಬೆಂಚಿನ ಸಿಗಾರಿಗೆ ದಿನಾ ಸಿಕ್ಕಿದ್ದು ಅವರ ಅವಸರ.

ಮಾಲೀಕರು ಸಮಾಧಾನ ಹೇಳತೊಡಗಿದರು. ನಾಲಿಗೆಯಮ್ಮನಿಗೆ ಅದೊಂದೂ ಕೇಳಿಸಲಿಲ್ಲ. ಹೊರಗಿನ ಸಾಲಿಗೆ ಬಂದು, ಖಾಲಿಯಾದ ಕೊನೆಯ ಬೆಂಚನ್ನೇ ನೋಡುತ್ತ ನಿಂತಿದ್ದರು.

"ಹಾಗಾದ್ರೆ ಗುಬ್ಬಿ?"

ಸುತ್ತುವ ಕೈಗಳೆಲ್ಲ ನಿಂತವು.

ಅಂದು ಸಂಜೆಯೇ ಗುಬ್ಬಿಯ ಮನೆ ಹುಡುಕಿಕೊಂಡು ಹೋದರು. ಕಾಲಿಗೆ ಬಿದ್ದಾದರೂ ಕರೆತರಬೇಕೆಂದು ಹೋದವರು ಗುಬ್ಬಿಯ ಕೈ ಕಂಡು ಹೊಸ್ತಿಲಲ್ಲೇ ನಿಂತರು. ಗುಬ್ಬಿ ಆಗ ಬಟ್ಟೆ ಒಗೆಯುವ ಕೆಲಸದಲ್ಲಿದ್ದಳು. ಒಗೆಯುವ ಸೋಡಾದ ನೀರಿಗೆ ಅಂಗೈ ಬಿರುಕು ಬಿಟ್ಟಿತ್ತು, ಬೆರಳ ತುದಿ ಮರಗಟ್ಟಿತ್ತು. ಸಿಗಾರಿನ ಹೊರಎಲೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಒರಟು ಬೆರಳು ತಾಗಿದರೆ ಸಾಕು, ಹರಿದುಹೋಗುತ್ತದೆ. ನಾಲಿಗೆಯಮ್ಮ ನಡೆದದ್ದನ್ನೆಲ್ಲ ಹೇಳಿದರು. ಗುಬ್ಬಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡೂ ಅಂಗೈ ತೆರೆದು ತೋರಿಸಿ, "ಈ ಕೈಗೆ ಎಲೆ ನಿಲ್ಲಲ್ಲ ಅಮ್ಮ" ಎಂದಳು, ಅಷ್ಟೇ.

ಈಗ ಪಕ್ಕದ ಮನೆಯ ಅಜ್ಜ ಬೆಳಿಗ್ಗೆ ಗಂಡನ ಹತ್ತಿರ ಕೂರುತ್ತಾರೆ. ಹಿಂದಿನ ಕೋಣೆಯ ಗಡಿಯಾರ ಗೋಡೆಯಿಂದಿಳಿದಿದೆ. ಎಡಚ ಸಾಲಿನ ನಡುವೆ ವಾಪಸ್ ಹೋಗಿ ಪಕ್ಕದವರ ಮೊಣಕೈ ತಿವಿಯುತ್ತ ಬೈಸಿಕೊಳ್ಳುತ್ತಿದ್ದಾನೆ. ಕೊನೆಯ ಬೆಂಚಿಗೆ ಯಾರನ್ನೂ ಕೂರಿಸಿಲ್ಲ. ಗುಬ್ಬಿ ಒರೆಸಿಟ್ಟ ಚಾಕು ಅಲ್ಲೇ ಇದೆ. ಗುಬ್ಬಿಯ ಕೂಲಿಯನ್ನು ಕಾರ್ಖಾನೆಯೇ ಕೊಡಬೇಕು, ಆಕೆ ಇನ್ನು ನೀರಿಗೆ ಕೈ ಹಾಕಕೂಡದು ಎಂದು ನಾಲಿಗೆಯಮ್ಮ ಹಟ ಹಿಡಿದು ಮಾಲೀಕರನ್ನು ಒಪ್ಪಿಸಿದ್ದಾರೆ. ಸಂಜೆ ಕೆಲಸ ಮುಗಿಸಿ ಬೆಚ್ಚಗೆ ಮಾಡಿದ ಎಣ್ಣೆ ಒಯ್ದು ಗುಬ್ಬಿಯ ಅಂಗೈಗೆ ತಿಕ್ಕುತ್ತಾರೆ. ಒಂದೊಂದು ಬೆರಳನ್ನೂ ಬಿಡುವುದಿಲ್ಲ. ಬಿರುಕು ಕೂಡುತ್ತಿದೆ, ತುದಿಯ ಜಡ್ಡು ಇನ್ನೂ ಇಳಿದಿಲ್ಲ.

ನಿಮಗೇನು ಆಸೆ ಎಂದು ನಾಲಿಗೆಯಮ್ಮನನ್ನು ಕೇಳಿದರೆ ಸಿಗಾರನ್ನು ತುಟಿಯಿಂದ ತೆಗೆಯುತ್ತಾರೆ. ಆಮೇಲೆ ಬೂದಿ ಕೊಡವುತ್ತ ಹೇಳುತ್ತಾರೆ.

"ಅವಳ ಬೆರಳು ಮೆತ್ತಗಾಗ್ಲಿ. ಅವಳು ಸುತ್ತಿದ್ದು ನನ್ನ ತಟ್ಟೇಲಿ ಮೊದಲು ಬರ್ಲಿ. ಕಹಿ ಇದ್ರೆ ಕಹಿ ಅಂತಲೇ ಹೇಳ್ತೀನಿ. ಆದ್ರೆ ಈ ಸಲ ಕೂತು ಹೇಳ್ತೀನಿ."