ಉಂಡ ಉಂಗುರ, ಉಪವಾಸದ ಉಂಗುರ

ಡಬ್ಬಿಯ ರಬ್ಬರ್ ಅಂಚಿನ ಹೊರಮಡಿಕೆಯಲ್ಲಿ ಒಂದು ಕರಿ ಎಳ್ಳು ಸಿಕ್ಕಿಕೊಂಡಿತ್ತು. ಆ ಅಂಚನ್ನು ಎರಡೆರಡು ಸಲ ಒರೆಸಬೇಕೆಂದು ಪ್ರಯೋಗಾಲಯದಲ್ಲಿ ಎಲ್ಲರಿಗೂ ಪಾಠ ಹೇಳುವವಳು ನಾನೇ. ಸದ್ಯ, ಯಾರೂ ನೋಡಲಿಲ್ಲ. ಪಿನ್ನಿನಿಂದ ಎಬ್ಬಿಸಿ ಕಾಗದದಲ್ಲಿ ಮಡಚಿಟ್ಟುಕೊಂಡೆ. ಹೋದ ವರ್ಷದ ಎಳ್ಳಮಾವಾಸ್ಯೆಯ ಸಜ್ಜೆ ರೊಟ್ಟಿಯದಿರಬೇಕು. ಈ ವರ್ಷದ್ದು ನಾಳೆಯೇ.

ಡಬ್ಬಿ ಎಂದರೆ ನೀವು ಊಟದ ಡಬ್ಬಿ ಅಂದುಕೊಂಡೀರಿ. ಇದು ಆಳೆತ್ತರದ ಪಾರದರ್ಶಕ ಪೆಟ್ಟಿಗೆ. ಹೊಲದಲ್ಲಿ ಅರ್ಧ ಹೂತ ಕಬ್ಬಿಣದ ಉಂಗುರದ ಮೇಲೆ, ಜೋಳದ ಗಿಡಗಳು ಒಳಗೆ ಬರುವಂತೆ ಇದನ್ನು ಕೂರಿಸಿದರೆ, ಇಂಗಾಲದ ಡೈಆಕ್ಸೈಡ್ ಏರಿತೋ ಇಳಿಯಿತೋ ಯಂತ್ರ ತೋರಿಸುತ್ತದೆ. ಬಿಸಿಲಲ್ಲಿ ಬೆಳೆ ಅದನ್ನು ಎಳೆದುಕೊಳ್ಳುತ್ತದೆ. ಕರಿ ಬಟ್ಟೆ ಹೊದಿಸಿದರೆ ಉಣ್ಣುವುದು ನಿಂತು, ಬೆಳೆ ಮತ್ತು ಮಣ್ಣಿನ ಉಸಿರು ಮಾತ್ರ ಉಳಿಯುತ್ತದೆ. ಕುಸನೂರಿನ ನಮ್ಮ ಓಣಿಯಲ್ಲಿ ಅವ್ವ ಇದನ್ನೆಲ್ಲ ಒಂದೇ ಮಾತಿನಲ್ಲಿ ಮುಗಿಸುತ್ತಾಳೆ: "ನಮ್ಮಕಿ ಕಮಲಾಪುರಕ್ಕ ಹೋಗಿ ಗಾಳಿ ಅಳೀತಾಳ."

ಕಮಲಾಪುರದ ಆ ಹೊಲ ಶಾಂತಾಬಾಯಿ ಕಾಕಿಯದು. ನನಗೆ ಸಂಬಂಧಿಯಲ್ಲ, ಕರೆದೂ ಕರೆದೂ ಕಾಕಿಯಾದವರು. ನನ್ನ ಮೊದಲ ವರ್ಷದ ಎಳ್ಳಮಾವಾಸ್ಯೆಯ ದಿನ ಅವರ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಬಂದರು. ಭಜ್ಜಿ, ಕಡುಬು, ಅಂಬಲಿ ಎಲ್ಲವನ್ನೂ ಹೊಲದ ತುಂಬ ಚೆಲ್ಲಿ ಭೂಮಿಗೆ ಉಣಿಸುವ ಚರಗ. ನಾನು ನನ್ನ ಎರಡು ಉಂಗುರಗಳ ಮುಂದೆ ಮರಿ ಕಾಯುವ ಕೋಳಿಯಂತೆ ಕೈ ಅಗಲಿಸಿ ನಿಂತಿದ್ದೆ. ಅನ್ನ ಬಿದ್ದ ಮಣ್ಣು ಹೆಚ್ಚು ಉಸಿರು ಬಿಡುತ್ತದೆ, ನನ್ನ ಇಡೀ ಹಂಗಾಮಿನ ಲೆಕ್ಕ ಕೆಡುತ್ತದೆ.

"ಹೊಲಕ್ಕೆಲ್ಲ ಉಣಿಸಿ ಇಷ್ಟ ಜಾಗಾ ಉಪವಾಸ ಕೆಡವ್ಲೇನು?" ಎಂದರು ಕಾಕಿ.

"ಇದೊಂದ್ ವರ್ಷ ಬಿಡ್ರಿ ಕಾಕಿ. ನನ್ನ ಡಾಕ್ಟರೇಟ್ ಇದರ ಮ್ಯಾಲೇ ನಿಂತದ."

"ನನ್ನ ಹೊಲಾನೂ ಇದರ ಮ್ಯಾಲೇ ನಿಂತದ. ಆಗಲ್ಲಂದ್ರ ನಿನ್ನ ಕಬ್ಬಿಣ ಕಿತ್ಕೊಂಡು ನಡಿ."

ಅವರ ನಾದಿನಿ ನಡುವೆ ಬಾಯಿ ಹಾಕಿದಳು: "ಯುನಿವರ್ಸಿಟಿ ಬಾಯಿಗೆ ಹೊಟ್ಟಿ ಹಸ್ದದ. ಮೊದ್ಲ ಅಕಿಗಿ ಒಂದು ಕಡುಬು ಹಾಕ್ರಿ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಉಂಗುರ ಕಿತ್ತರೆ ಆ ವರ್ಷ ಹೋದಂತೆ. ಆದರೆ ಕಡುಬು ಕೈಯಲ್ಲಿ ಹಿಡಿದು ನಿಂತಾಗ ಇನ್ನೊಂದು ವಿಚಾರ ಬಂತು. ನಾನು ಅಳೆಯಲು ಬಂದದ್ದು ಈ ಹೊಲವನ್ನು. ಚರಗ ಬೀಳದ ಮಣ್ಣು ಈ ಹೊಲ ಹೇಗಾದೀತು?

"ಒಂದು ಉಂಗುರಕ್ಕ ಇವತ್ತೇ ಹಾಕ್ರಿ," ಎಂದೆ. "ಇನ್ನೊಂದಕ್ಕ ನಾಳೆ, ನಾ ಅಳದ ಮ್ಯಾಲ."

ಕಾಕಿ ಬುಟ್ಟಿ ಕೆಳಗಿಳಿಸಿದರು. "ಒಂದಿನದ ಉಪವಾಸ ನಡೀತದ ಬಿಡು. ಸೋಮವಾರ ನಾನೂ ಮಾಡ್ತೀನಲ್ಲ."

ಮರುದಿನ ಉಂಡ ಉಂಗುರದ ಉಸಿರು ಹೆಚ್ಚಿತ್ತು. ಅಂಬಲಿಯ ತೇವದಿಂದಲೂ ಇರಬಹುದೆಂಬ ಅನುಮಾನ ನನ್ನನ್ನು ಬಿಡಲಿಲ್ಲ. ಮುಂದಿನ ವರ್ಷ ಉಪವಾಸದ ಉಂಗುರಕ್ಕೆ ಅಷ್ಟೇ ನೀರು ಹಾಕಿದೆ. "ಪಾಪ, ನೀರರೆ ಕೊಟ್ಟಿ," ಎಂದರು ಕಾಕಿ. ಆಗಲೂ ಉಂಡದ್ದೇ ಮುಂದಿತ್ತು.

ವಿಭಾಗದಲ್ಲಿ ಇದನ್ನು ಮಂಡಿಸಿದಾಗ ಮುಂದಿನ ಸಾಲಿನ ಹಿರಿಯರೊಬ್ಬರು, ಆ ದಿನಗಳನ್ನು ತೆಗೆದುಹಾಕಬಾರದೇಕೆ ಎಂದು ಕೇಳಿದರು. "ಈ ಹೊಲಕ್ಕೆ ವರ್ಷಕ್ಕೊಮ್ಮೆ ಉಣಿಸುತ್ತಾರೆ ಸರ್. ಅದನ್ನು ಬಿಟ್ಟರೆ ಅದು ಬೇರೆ ಯಾವುದೋ ಹೊಲದ ಲೆಕ್ಕ," ಎಂದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಂದು ಕುಸನೂರಿನವರೆಗೆ ಆಟೋ ಹಿಡಿಯದೆ ನಡೆದೇ ಹೋದೆ, ಅಷ್ಟೆ. ಈಗ ನಮ್ಮ ಪ್ರಯೋಗಾಲಯದ ಚೀಟಿಗಳ ಮೇಲೂ 'ಉಂಡದ್ದು', 'ಉಪವಾಸ' ಎಂದೇ ಬರೆಯುತ್ತಾರೆ. ಆ ಹೆಸರು ಎಲ್ಲಿಂದ ಬಂತೆಂದು ಹೊಸಬರು ಕೇಳುವುದಿಲ್ಲ. ನಾನೂ ಹೇಳುವುದಿಲ್ಲ. ಆದರೆ ಓದಿದಾಗಲೆಲ್ಲ ಬೆನ್ನು ನೆಟ್ಟಗಾಗುತ್ತದೆ.

ಎಳ್ಳು ಸಿಕ್ಕ ಮರುದಿನ ಬೆಳಿಗ್ಗೆ ಡಬ್ಬಿಯೊಂದಿಗೆ ಕಮಲಾಪುರಕ್ಕೆ ಹೋದೆ. ಕಾಕಿ ಚರಗದ ಬೋಗುಣಿಯನ್ನು ಮೊದಲ ಸಲ ನನ್ನ ಕೈಗೆ ಕೊಟ್ಟರು. "ಈ ಸಲ ನೀನೇ ಹಾಕು. ನಿನ್ನ ಉಂಗುರ, ನಿನ್ನ ಹೊಲ." ಕಾಗದ ಬಿಚ್ಚಿ ಆ ಎಳ್ಳನ್ನೂ ಬೋಗುಣಿಗೆ ಹಾಕಿದೆ. ಉಣ್ಣುವ ಉಂಗುರದ ತುಂಬ ಚರಗ ಚೆಲ್ಲಿದೆ. ಆಮೇಲೆ ಕೈ ತೊಳೆದು, ಡಬ್ಬಿಯ ಅಂಚನ್ನು ಎರಡು ಸಲ ಒರೆಸಿದೆ.