ದಾವೀದಪ್ಪನ ಧಾಟಿ

ಅದು ತಾನಾಗಿ ಬರಲಿಲ್ಲ. ನಾನೇ ನುಡಿಸಿದೆ. ಬೇಕೆಂದೇ, ಕಣ್ಣನ್ನು ಅರ್ಧ ತೆರೆದು, ಮಾರ್ತಕ್ಕನ ಮುಖವನ್ನೇ ನೋಡುತ್ತ ನುಡಿಸಿದೆ. ದೇವರೇ ಆ ಧಾಟಿಯನ್ನು ನನ್ನ ಬೆರಳಿಗೆ ತಂದನೆಂದು ಅವರು ನಂಬಿದಾಗ ಹೂಂ ಅಂದೆ — ಎಷ್ಟೋ ವರ್ಷ ಹೂಂ ಅನ್ನುತ್ತಲೇ ಬಂದೆ.

ನಾನು ಯಾರೆಂದು ಹೇಳಬೇಕಲ್ಲ. ಬೈಲಹೊಂಗಲದಲ್ಲಿ ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ನನ್ನದು. ಭಾನುವಾರ ಮಾತ್ರ ಬೋಧಕ. ನಮ್ಮದು ಸಣ್ಣ ಕ್ರೈಸ್ತ ಸಭೆ. ಪಾದ್ರಿ ಅಯ್ಯನವರು ಧಾರವಾಡದಿಂದ ತಿಂಗಳಿಗೊಮ್ಮೆ ಬಂದು ಹೋಗುತ್ತಾರೆ, ಉಳಿದ ಭಾನುವಾರಗಳಲ್ಲಿ ಬೈಬಲ್ ವಾಕ್ಯ ವಿವರಿಸಿ ಪ್ರಸಂಗ ಮಾಡುವವನು ನಾನೇ, ಹಾಡಿಗೆ ಗಿಟಾರ್ ಹಿಡಿಯುವವನೂ ನಾನೇ. ಎರಡೂ ನನಗೆ ಅಷ್ಟಕ್ಕಷ್ಟೇ, ಸುಳ್ಳೇಕೆ ಹೇಳಲಿ! ಪ್ರಸಂಗದ ನಡುವೆ ಮಾತು ಸಿಗದೆ ತಡವರಿಸಿದರೆ ಹೆಗಲಲ್ಲಿದ್ದ ಗಿಟಾರಿನ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದೆ. ಜನ ತಲೆ ತಗ್ಗಿಸುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಅಯ್ಯನವರಿಗೆ ಇದು ಸೇರುತ್ತಿರಲಿಲ್ಲ. “ವಾಕ್ಯ ಹೇಳೂ ಮುಂದ ಅದನ್ನ ಕೆಳಗ ಇಡೋ ಮಾರಾಯಾ,” ಅನ್ನುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ.

ಆ ಧಾಟಿ ಮಾರ್ತಕ್ಕನ ಗಂಡ ದಾವೀದಪ್ಪನದು. ಮುನವಳ್ಳಿ ಕಡೆಯ ಬಸ್ಸಿನ ಡ್ರೈವರ್ ಆಗಿದ್ದರು ಅವರು. ಹರೆಯದಲ್ಲಿ ಆ ಬಸ್ಸು ಹತ್ತಿದಾಗಲೆಲ್ಲ ಅವರ ಪಕ್ಕದ ಬಾನೆಟ್ ಮೇಲೆಯೇ ಕೂರುತ್ತಿದ್ದೆ. ಮಧ್ಯಾಹ್ನದ ಹೊತ್ತು, ಹಿಂದೆ ಕೂತವರೆಲ್ಲ ತೂಕಡಿಸುತ್ತಿರುತ್ತಿದ್ದರು. ಜೋಳದ ಹೊಲಗಳಾಚೆ ಮಲಪ್ರಭೆಯ ಹಿನ್ನೀರು ಬೆಳ್ಳಗೆ ಕಂಡ ಕೂಡಲೇ ಅವರ ತುಟಿಗೆ ಸಿಳ್ಳು ಬರುತ್ತಿತ್ತು. ಯಾವ ಹಾಡಿನ ಧಾಟಿಯೂ ಅಲ್ಲ — ಏರುವಂತೆ ಮಾಡಿ ಏರದೆ, ನಡುವೆ ಒಂದು ಕಡೆ ನಿಂತು, ಏನೋ ನೆನಪಾದವರ ಹಾಗೆ ಮೆಲ್ಲಗೆ ಇಳಿದುಬಿಡುವುದು. ಅರ್ಧ ನಿದ್ದೆಯಲ್ಲಿ ಕೇಳುತ್ತಿದ್ದೆ. ಬಸ್ಸು ನೀರಿನ ಮೇಲೆಯೇ ಹೋಗುತ್ತಿದೆ, ಎಲ್ಲೂ ನಿಲ್ಲುವುದಿಲ್ಲ ಅನಿಸುತ್ತಿತ್ತು... ದಾವೀದಪ್ಪ ತೀರಿಕೊಂಡರು. ಆ ಧಾಟಿ ತಮ್ಮ ಕಿವಿಯೊಂದರಲ್ಲೇ ಉಳಿದಿದೆ ಎಂದು ಮಾರ್ತಕ್ಕ ತಿಳಿದಿದ್ದರು. ನನ್ನಲ್ಲೂ ಉಳಿದದ್ದು ಅವರಿಗೆ ಗೊತ್ತಿರಲಿಲ್ಲ.

ಅವರ ಒಬ್ಬಳೇ ಮಗಳು ಸುನೀತಾ, ತಾಯಿಯ ಮಾತು ಮೀರಿ ರಾಮದುರ್ಗದ ನೇಕಾರರ ಹುಡುಗನನ್ನು ಮದುವೆಯಾದಳು. ಅಂದಿನಿಂದ ಮಾರ್ತಕ್ಕ ಅವಳ ಹೆಸರೆತ್ತುವುದನ್ನೇ ಬಿಟ್ಟರು. ಒಂದು ದಿನ ಸುನೀತಾ ಕೂಸನ್ನು ಬಗಲಲ್ಲಿ ಎತ್ತಿಕೊಂಡು ನನ್ನ ಅಂಗಡಿಗೆ ಬಂದಳು. “ಮಾಮಾ, ಅವ್ವಗ ನೀವರ ಹೇಳ್ರಿ. ನನ್ನ ಮಾರಿ ನೋಡೂದು ಬ್ಯಾಡ, ಮಮ್ಮಗನ ಮಾರಿನರ ನೋಡ್ಲಿ.”

ಮುಂದಿನ ಭಾನುವಾರ ಕ್ಷಮೆಯ ಬಗ್ಗೆಯೇ ಪ್ರಸಂಗ ಮಾಡಿದೆ. ಮಾರ್ತಕ್ಕ ಕಲ್ಲಿನಂತೆ ಕೂತಿದ್ದರು. ನನ್ನ ಒಂದು ಮಾತೂ ಅವರಿಗೆ ತಾಗಲಿಲ್ಲ. ಆಗ — ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ — ದಾವೀದಪ್ಪನ ಧಾಟಿಯನ್ನು ತಂತಿಯ ಮೇಲೆ ಬಿಟ್ಟೆ. ಅದು ನಡುವೆ ನಿಲ್ಲುವ ಕಡೆ ನಾನೂ ನಿಂತೆ. ಆಗ ಮಾರ್ತಕ್ಕ ಅತ್ತ ಅಳು... ಅಯ್ಯೋ, ನನಗೆ ಒಳಗೊಳಗೇ ಖುಷಿಯಾಯಿತು. ಅದನ್ನೂ ಹೇಳಿಬಿಡಬೇಕು.

ಆರಾಧನೆ ಮುಗಿದ ಮೇಲೆ ನನ್ನ ಕೈ ಹಿಡಿದು ಕೇಳಿದರು: “ತಮ್ಮಾ, ಖರೇ ಹೇಳು. ಈ ಧಾಟಿ ನಿನಗ ಹೆಂಗ ಬಂತು?”

“ಗೊತ್ತಿಲ್ರೀ ಅಕ್ಕಾ,” ಅಂದೆ. “ಬೆರಳಿಗ ತಾನಾಗೇ ಬಂತು.”

ಇಷ್ಟೇ ಮಾತು. ಅವರು ಮನೆಗೂ ಹೋಗದೆ, ಉಟ್ಟ ಸೀರೆಯಲ್ಲೇ ರಾಮದುರ್ಗದ ಬಸ್ಸು ಹತ್ತಿದರು. ಸಂಜೆಗೆ ಮೊಮ್ಮಗ ಅವರ ತೊಡೆಯ ಮೇಲಿದ್ದ.

ಒಳ್ಳೆಯದೇ ಆಯಿತಲ್ಲ, ಅನ್ನುತ್ತೀರಿ. ನಾನೂ ಹಾಗೇ ಅಂದುಕೊಂಡೆ. ಆದರೆ ಮಾರ್ತಕ್ಕ ಪ್ರತಿ ವರ್ಷ ಸಭೆಯ ಮುಂದೆ ಎದ್ದು ನಿಂತು ಇದನ್ನು ಸಾಕ್ಷಿಯಾಗಿ ಹೇಳತೊಡಗಿದರು — ದೇವರು ನನ್ನ ಗಂಡನ ಸಿಳ್ಳಿನಲ್ಲಿ ನನ್ನನ್ನು ಕರೆದ ಎಂದು. ಕಿತ್ತೂರಿನಿಂದ, ಸವದತ್ತಿಯಿಂದ ಕರೆಗಳು ಬಂದವು, ನಮ್ಮಲ್ಲೂ ಬಂದು ಪ್ರಾರ್ಥನೆ ನಡೆಸಿರಿ, ಗಿಟಾರ್ ತನ್ನಿರಿ ಎಂದು. ಹೋದೆ. ಹಾರ ಹಾಕಿಸಿಕೊಂಡೆ. ಮಾರ್ತಕ್ಕ ಸಾಕ್ಷಿ ಹೇಳುವಾಗ ಮಾತ್ರ ತಂತಿ ಶ್ರುತಿ ಮಾಡುವ ನೆಪದಲ್ಲಿ ತಲೆ ತಗ್ಗಿಸುತ್ತಿದ್ದೆ. ನೋಡಿದವರು ಅದನ್ನು ವಿನಯವೆಂದರು.

ಹೋದ ವರ್ಷ ಮಾರ್ತಕ್ಕನ ಎದೆಯಲ್ಲಿ ತೊಂದರೆ ಕಾಣಿಸಿತು. ಆಪರೇಷನ್ ಆಗಲೇಬೇಕು, ತಡ ಮಾಡಬೇಡಿ ಎಂದರು ಬೆಳಗಾವಿಯ ಡಾಕ್ಟರು. ಮಾರ್ತಕ್ಕನಿಗೆ ಹೆದರಿಕೆಯೇ ಇರಲಿಲ್ಲ. ಆರಾಮಾಗಿ ನನ್ನ ಅಂಗಡಿಗೆ ಬಂದು ಕೂತು ಹೇಳಿದರು: “ಈ ಐತವಾರ ಪ್ರಾರ್ಥನಾದಾಗ ಆ ಧಾಟಿ ಬಂದ್ರ ದೇವರು ಹೋಗು ಅಂದಂಗ. ಬರಲಿಲ್ಲಂದ್ರ ನಾ ಹೋಗಂಗಿಲ್ಲ. ನೀನಾಗೇ ಬಾರಸಬ್ಯಾಡ ಮತ್ತ.”

ಅವರು ಹೋದದ್ದೇ ತಡ, ಸುನೀತಾಳ ಫೋನು. “ಮಾಮಾ, ಹೆಂಗರ ಮಾಡಿ ಬಾರಿಸಿಬಿಡ್ರಿ. ಕೈ ಮುಗೀತೇನಿ. ಅವ್ವ ಉಳೀಬೇಕ್ರಿ.”

ಬಾರಿಸುವುದೆಂದೇ ಹೋದೆ. ಎಲ್ಲರೂ ಕಣ್ಣು ಮುಚ್ಚಿದರು. ಮಾರ್ತಕ್ಕ ಮುಖವನ್ನು ಸ್ವಲ್ಪ ಮೇಲೆತ್ತಿ ಕಾಯುತ್ತಿದ್ದರು — ಬಸ್ಸಿನ ಸದ್ದು ದೂರದಲ್ಲೇ ಗುರುತು ಹಿಡಿದು ಬಾಗಿಲಿಗೆ ಬಂದು ನಿಂತವರ ಹಾಗೆ. ಬೆರಳು ತಂತಿಯ ಮೇಲೇ ಇತ್ತು. ಒಂದು ಜೀವ ಉಳಿಯುತ್ತದೆ, ನುಡಿಸೋ — ಅಂದುಕೊಂಡೆ. ಆದರೆ ಆ ಮುಖ... ಇನ್ನೊಮ್ಮೆ ಮೋಸ ಮಾಡಲು ನನ್ನಿಂದ ಆಗಲಿಲ್ಲ. ಗಿಟಾರನ್ನು ಹೆಗಲಿನಿಂದ ತೆಗೆದು ಕೆಳಗಿಟ್ಟೆ.

ಉಳಿದವರೆಲ್ಲ ಹೋದರು. ರಾಮದುರ್ಗದಿಂದ ಬಂದಿದ್ದ ಸುನೀತಾ ತಾಯಿಯ ಪಕ್ಕ ಕೂತು ಅಳುತ್ತಿದ್ದಳು. “ಬರಲಿಲ್ಲಲ್ಲೋ ತಮ್ಮಾ,” ಅಂದರು ಮಾರ್ತಕ್ಕ. “ನಾ ಹೋಗಂಗಿಲ್ಲ ಹಂಗಾರ.”

ಹೇಳಿದೆ. ಬಸ್ಸು, ಬಾನೆಟ್, ಸಿಳ್ಳು, ಅರ್ಧ ತೆರೆದ ಕಣ್ಣು — ಎಲ್ಲವನ್ನೂ ಹೇಳಿದೆ. ಕಾಯಲು ಇನ್ನು ಏನೂ ಇಲ್ಲ ಅಕ್ಕಾ, ಆಪರೇಷನ್ನಿಗೆ ಹೋಗಿರಿ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ! ಖಾಲಿ ಬೆಂಚುಗಳ ಕಡೆ ನೋಡುತ್ತ ಕೇಳಿದರು:

“ಹಂಗಾರ ಅವತ್ತ ನನ್ನ ಕರದಾಂವ ಯಾರು? ನೀನಾ?”

ಅವರೇ ಎದ್ದು, ಹೋಗುವಾಗ ತಿರುಗಿ ನೋಡದೆ ಅಂದರು: “ಆ ಧಾಟಿ ನನ್ನ ಗಂಡಂದು. ಇನ್ನ ಬಾರಸಬ್ಯಾಡ.”

ಮಗಳ ಮಾತಿಗೆ ಒಪ್ಪಿ ಅವರು ಬೆಳಗಾವಿಗೆ ಹೋದರು. ಆಪರೇಷನ್ ಆಯಿತು, ಬದುಕಿದ್ದಾರೆ. ಆದರೆ ಹೆದರುತ್ತ ಹೋದರು. ರಾಮದುರ್ಗದ ಬಸ್ಸಿಗೆ ಓಡಿ ಹೋಗಿ ಹತ್ತಿದ್ದ ಆ ಹೆಂಗಸು, ಈ ಸಲ ಮಗಳ ಸೆರಗು ಹಿಡಿದುಕೊಂಡು, ನನಗೇನೂ ಆಗಂಗಿಲ್ಲ ಹೌದಲ್ಲ ಎಂದು ದಾರಿಯುದ್ದಕ್ಕೂ ಕೇಳುತ್ತಿದ್ದರಂತೆ. ಆ ಧೈರ್ಯವನ್ನು ಕೊಟ್ಟ ಹಾಗೆ ಮಾಡಿ ಕಿತ್ತುಕೊಂಡವನು ನಾನು. ಈಗಲೂ ಸಭೆಗೆ ಬರುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ. ಸಾಕ್ಷಿಯ ಹೊತ್ತಿಗೆ ಏಳುವುದಿಲ್ಲ.

ಸಭೆಯ ಮುಂದೆಯೂ ಎಲ್ಲವನ್ನೂ ಹೇಳಿದ್ದೇನೆ. ಪ್ರಸಂಗ ಬೇರೆಯವರು ಮಾಡಲಿ ಎಂದೆ, ಅಯ್ಯನವರು ಬಿಡಲಿಲ್ಲ. ಗಿಟಾರ್ ಮನೆಯಲ್ಲಿಟ್ಟು ಹೋಗುತ್ತೇನೆ. ಮಾತು ಸಿಗದಿದ್ದರೆ ಸುಮ್ಮನೆ ನಿಲ್ಲುತ್ತೇನೆ, ಸಿಕ್ಕ ಮೇಲೆ ಮುಂದುವರಿಸುತ್ತೇನೆ.

ಒಂದು ಮಾತು ಉಳಿದಿದೆ. ಮಧ್ಯಾಹ್ನ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತಿರುವಾಗ ಕಣ್ಣು ಮಂಪರಾಗುತ್ತದೆ, ಎಲ್ಲೋ ಬೆಳ್ಳಗೆ ನೀರು ಕಾಣುತ್ತದೆ, ಬೆರಳು ಮೇಜಿನ ಮೇಲೆ ಆಡತೊಡಗುತ್ತದೆ — ಏರುವಂತೆ ಮಾಡಿ, ಏರದೆ... ನಾನು ಕರೆದಿರುವುದಿಲ್ಲ. ಈಗ ಅದು ನಿಜವಾಗಿಯೂ ತಾನಾಗಿಯೇ ಬರುತ್ತಿದೆ. ಮಾರ್ತಕ್ಕನಿಗೆ ಇದನ್ನು ಹೇಳುವ ಬಾಯಿ ನನಗಿಲ್ಲ. ಕೈ ಮುಷ್ಟಿ ಮಾಡಿಕೊಂಡು, ಅದು ಹೋಗುವವರೆಗೂ ಕೂತಿರುತ್ತೇನೆ.