ನಾಲ್ಕನೆಯ ಭಾಗವನ್ನು ನಾನು ಓದಿರಲಿಲ್ಲ

ಇವತ್ತು ಬೆಳಿಗ್ಗೆ ಕೂಡ್ಲಿಗಿ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹುಡುಗಿ ಬ್ಯಾಗಿನಿಂದ ಒಂದು ದಪ್ಪ ಪುಸ್ತಕ ತೆಗೆದಳು. ಹೊಸ ಪುಸ್ತಕ, ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿಯ ಗಾಳಿ ಅದನ್ನು ನನ್ನ ಮೂಗಿನವರೆಗೆ ತಂದಿತು. ಬೇಡವೆಂದರೂ ಕಣ್ಣು ಮುಖಪುಟಕ್ಕೆ ಹೋಯಿತು: ಎತ್ತರದ ಕಟ್ಟಡಗಳ ನಡುವೆ ಒಂದು ಓಣಿ, ಓಣಿಯ ತುದಿಗೆ ಚಂದ್ರನಿರಬೇಕಾದಲ್ಲಿ ಒಂದು ಬಾಗಿಲು. ನಾನು ನೋಡುವುದನ್ನು ಹುಡುಗಿ ನೋಡಿದಳು. ಮೇಷ್ಟ್ರ ಕಳೆ ನನ್ನ ಮುಖದ ಮೇಲೆ ಎಷ್ಟು ದಟ್ಟವಾಗಿದೆಯೆಂದರೆ ಗುರುತಿಲ್ಲದವರೂ ನನ್ನನ್ನು ಸರ್ ಎಂದೇ ಕರೆಯುತ್ತಾರೆ.

"ಸರ್, ಇದನ್ನ ಓದೀರೇನ್ರಿ ನೀವು?"

"ಇಲ್ಲಮ್ಮ, ಓದಿಲ್ಲ," ಎಂದೆ.

ಎಷ್ಟು ಸಣ್ಣ ಮಾತು ನೋಡಿ. ಐವತ್ತು ದಾಟುವವರೆಗೆ ಅದು ನನ್ನ ಬಾಯಿಂದ ಹೊರಬಿದ್ದದ್ದೇ ಇಲ್ಲ. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವವನು. ಊರಿನ ಕಣ್ಣಿಗೆ ಇಂಗ್ಲಿಷ್ ಮೇಷ್ಟ್ರು ಎಂದರೆ ಜಗತ್ತಿನ ಪುಸ್ತಕಗಳನ್ನೆಲ್ಲ ಓದಿ ಮುಗಿಸಿ ಈಗ ಸುಮ್ಮನೆ ಕೂತವರು. ಊರು ಹಾಗೆ ತಿಳಿದದ್ದು ನನಗೂ ಹಿತವಾಗಿತ್ತು. ಆ ಹಿತವನ್ನು ಬಿಡಿಸಿದವಳು ಒಬ್ಬ ಬಸ್ ಕಂಡಕ್ಟರ್. ಕೇಳುವಿರಾದರೆ ಅದನ್ನು ಮೊದಲು ಹೇಳುತ್ತೇನೆ.

ಅವಳ ಹೆಸರು ರೇಣುಕಾ. ಹರಪನಹಳ್ಳಿಯಿಂದ ಕೊಟ್ಟೂರಿನ ಮೇಲೆ ಕೂಡ್ಲಿಗಿಗೆ ಹೋಗುವ ಬೆಳಗಿನ ಬಸ್ಸು ಅವಳದು. ನಾನು ಕೊಟ್ಟೂರಿನಲ್ಲಿ ಹತ್ತಿ, ಕಿಟಕಿ ಪಕ್ಕ ಕೂತು, ಒಂದು ದೊಡ್ಡ ಇಂಗ್ಲಿಷ್ ಪುಸ್ತಕ ತೆರೆದು, ಊರ ಹೊರಗಿನ ಮೆಕ್ಕೆಜೋಳದ ಹೊಲಗಳು ಬರುವ ಹೊತ್ತಿಗೆ ನಿದ್ದೆ ಹೋಗುತ್ತಿದ್ದೆ. ಒಂದು ದಿನ ಅವಳು ಟಿಕೆಟ್ ಕೊಟ್ಟವಳು ಮುಂದೆ ಹೋಗದೆ ನಿಂತಳು.

"ಸರ್, ಒಂದು ತಿಂಗಳಾತ್ರಿ, ಅದೇ ಪುಟದಾಗ ಅದೀರಿ."

ಬಸ್ಸಿನಲ್ಲಿ ಇಬ್ಬರು ನಕ್ಕರು. ನಾನು, ಇದು ಮೆಲ್ಲಗೆ ಓದಬೇಕಾದ ಪುಸ್ತಕ ಎಂದೆ. ಅವಳು ಅದನ್ನು ನಿಜವೆಂದೇ ತಿಳಿದು ತಲೆಯಾಡಿಸಿದಳು. ತಾನೂ ಓದುತ್ತೇನೆ, ಆದರೆ ಕನ್ನಡ ಮಾತ್ರ, ಕೊಟ್ಟೂರಿನ ಲೈಬ್ರರಿಯಲ್ಲಿ ಪತ್ತೇದಾರಿ ಮುಗಿದವು, ಸಾಮಾಜಿಕ ಮುಗಿದವು, ಈಗ ಏನು ಓದಬೇಕೋ ತಿಳಿಯದು ಎಂದಳು.

"ಎಂಥದು ಬೇಕು ನಿನಗೆ?"

ಅವಳಿಗೆ ಬೇಕಾದದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. "ದೆವ್ವ ಬ್ಯಾಡ್ರಿ. ರಾಜಾ ರಾಣಿ ಬ್ಯಾಡ್ರಿ. ಬಸ್ಸು, ಅಂಗಡಿ, ಕರೆಂಟು ಇರೋ ಊರಾಗ ಮಾಯಾ ನಡೀಬೇಕು. ನಾವು ದಿನಾ ಅಡ್ಡಾಡೋ ಓಣ್ಯಾಗ ಒಂದು ಬಾಗಲ ತಗದು ಏನೋ ಕಾಣಬೇಕ್ರಿ. ಮತ್ತ ಒಂದರಾಗ ಮುಗೀಬಾರದು."

ಆ ಕ್ಷಣಕ್ಕೆ ನೆನಪಾದದ್ದು ಅನುವಾದವಾಗಿ ಬಂದಿದ್ದ ಒಂದು ಸರಣಿ. ದೊಡ್ಡ ನದಿಯ ದಂಡೆಯ ನಗರ. ಅಲ್ಲಿ ಬೀದಿದೀಪ ರಿಪೇರಿ ಮಾಡುವ ಒಬ್ಬ ಹೆಂಗಸು. ದೀಪವೊಂದು ಕೆಟ್ಟ ಕಡೆಯೆಲ್ಲ ನಕ್ಷೆಯಲ್ಲಿಲ್ಲದ ಓಣಿಯೊಂದು ಅವಳಿಗೆ ಮಾತ್ರ ಕಾಣುತ್ತದೆ. ಅದರ ಎರಡು ಭಾಗ ಓದಿದ್ದೆ. ಇಂಗ್ಲಿಷಿನಲ್ಲಿ ಐದು ಇವೆಯೆಂದು ಹಿಂಬದಿಯ ಹೊದಿಕೆ ಹೇಳುತ್ತಿತ್ತು. ಅದನ್ನೆಲ್ಲ ಅವಳಿಗೆ ಹೇಳಿದೆ.

"ಐದೂ ಓದೀರೇನ್ರಿ?"

"ಎಲ್ಲಾ ಓದೀನಿ," ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ. ಕೆಮ್ಮಿನ ಹಾಗೆ ಬಂದುಬಿಟ್ಟಿತು.

ಅವಳು ಓದುವ ಪರಿಯನ್ನು ಏನೆಂದು ಹೇಳಲಿ! ಕೂಡ್ಲಿಗಿ ಬಸ್ ನಿಲ್ದಾಣದಲ್ಲಿ ಬಸ್ಸು ನಿಂತ ಹತ್ತು ನಿಮಿಷ, ಡ್ರೈವರ್ ಚಹಾಕ್ಕೆ ಇಳಿದರೆ ಇವಳು ಕೊನೆಯ ಸೀಟಿನಲ್ಲಿ ನದಿಯ ದಂಡೆಗೆ ಇಳಿದಿರುತ್ತಿದ್ದಳು. ಮೊದಲ ಭಾಗ ಮುಗಿಯುವಷ್ಟರಲ್ಲಿ ನಮ್ಮ ಸೀಮೆಯೇ ಬೇರೆಯಾಯಿತು. ಕೊಟ್ಟೂರಿನ ರೈಲ್ವೆ ಗೇಟು ಹಾಕಿದಾಗ ಆಚೆ ಕಾಯುವವರು ಈಚೆ ಕಾಯುವವರ ಹಾಗೇ ಕಾಣುವುದು ಯಾಕೆ ಎಂದು ಕೇಳುತ್ತಿದ್ದಳು. ಹರಪನಹಳ್ಳಿ ನಿಲ್ದಾಣದಲ್ಲಿ ಬೀಗ ಹಾಕಿದ ಒಂದು ಕೋಣೆ ಇದೆ; ಅದು ಎಲ್ಲಿಗೆ ತೆರೆಯುತ್ತದೆಂದು ತನಗೆ ಗೊತ್ತಾಗಿದೆ ಎನ್ನುತ್ತಿದ್ದಳು.

"ಉಚ್ಚಂಗಿದುರ್ಗದ ಕೋಟಿ ಬಾಗಲದಾಗ ಕಾಲಿಟ್ರ ನೀಲಗುಂದದ ಗುಡಿ ಕಂಬದ ನಡುವ ಬರಬೇಕ್ರಿ ಸರ್. ಟಿಕೆಟ್ ಇಲ್ದ."

"ಕಂಡಕ್ಟರ್ ಆಗಿ ನೀನೇ ಹಿಂಗಂದ್ರ ಹೆಂಗ?"

"ನಾನೂ ಒಂದಿನ ಟಿಕೆಟ್ ಇಲ್ದ ಹೋಗಬೇಕಲ್ರಿ."

ಆ ದಿನಗಳಲ್ಲಿ ನನಗೆ ಬಸ್ಸಿನಲ್ಲಿ ನಿದ್ದೆ ಬರುತ್ತಿರಲಿಲ್ಲ. ಬಸ್ಸು ಮಂಜಿನಲ್ಲಿ ಹೋಗುವಾಗ ರಸ್ತೆಯ ಪಕ್ಕದ ಕಲ್ಲುಗುಡ್ಡಗಳು ತೇಲಿ ಬಂದು, ನಮ್ಮನ್ನು ಒಮ್ಮೆ ನೋಡಿ, ಹಿಂದಕ್ಕೆ ಸರಿದ ಹಾಗೆ ತೋರುತ್ತಿತ್ತು. ಸೂರ್ಯಕಾಂತಿ ಹೊಲಗಳು ಒಟ್ಟಿಗೆ ಕತ್ತು ತಿರುಗಿಸಿ ಯಾರದೋ ಹೆಸರು ಕೂಗುತ್ತಿವೆ ಎನ್ನಿಸುತ್ತಿತ್ತು.

ಅವಳು ತನಗಾಗಿ ಮಾತ್ರ ಓದುತ್ತಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಅವಳ ಅಕ್ಕ ಗಂಗಮ್ಮ ಒಬ್ಬರೇ ಇದ್ದರು. ಮೂವತ್ತು ವರ್ಷ ಊರ ಹೆಂಗಸರ ಜಂಪರು ಹೊಲಿದವರು. ಸಕ್ಕರೆ ಕಾಯಿಲೆ ಕಣ್ಣಿಗೆ ಬಂದು ಎರಡೂ ಹೋಗಿದ್ದವು. ಇನ್ನು ಬರುವುದಿಲ್ಲವೆಂದು ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಪ್ರತಿ ಭಾನುವಾರ ರೇಣುಕಾ ಅಲ್ಲಿಗೆ ಹೋಗಿ, ಆ ವಾರ ಓದಿದ್ದನ್ನೆಲ್ಲ ಅಕ್ಕನಿಗೆ ಹೇಳುತ್ತಿದ್ದಳು.

ಮೂರನೆಯ ಭಾಗದ ಕೊನೆಗೆ ದೀಪದ ಹೆಂಗಸಿನ ಎದುರು ಬಿಳಿ ಬೆಳಕೊಂದು ಸಿಡಿದು ಅವಳ ಕಣ್ಣು ಹೋಗುತ್ತವೆ. ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಕನ್ನಡವೂ ಅಲ್ಲಿಗೇ ನಿಂತಿತು. ಮುಂದಿನ ಭಾಗಗಳು ಅನುವಾದವಾಗಲೇ ಇಲ್ಲ.

"ನೀವು ಓದೀರಲ್ರಿ. ನಾಲ್ಕನೇದ್ರಾಗ ಏನಾತು ಹೇಳ್ರಿ ಸರ್. ಅಕ್ಕ ಜೀವ ತಿಂತಾಳ."

ಆಗಲಾದರೂ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಮೂರು ಬೆಳಿಗ್ಗೆ, ಕೊಟ್ಟೂರಿನಿಂದ ಕೂಡ್ಲಿಗಿಯವರೆಗೆ, ನಾನೇ ನಾಲ್ಕನೆಯ ಭಾಗವನ್ನು ಕಟ್ಟಿ ಹೇಳಿದೆ. ನದಿಯ ತಳದಲ್ಲಿ ಒಂದು ಹಳೆಯ ದೀಪ ಉರಿಯುತ್ತಿದೆ. ಅದರ ಮೇಲಿನ ನೀರನ್ನು ಕಣ್ಣಿಗೆ ಹಚ್ಚಿದರೆ ದೃಷ್ಟಿ ಮರಳುತ್ತದೆ. ಒಂದು ನಸುಕಿನಲ್ಲಿ ಅವಳು ಕಣ್ಣು ಬಿಟ್ಟಾಗ ಇಡೀ ನಗರ ಬಂಗಾರದ ಬಣ್ಣದಲ್ಲಿ ನಿಂತಿರುತ್ತದೆ. ಗಂಗಮ್ಮನವರ ಮೇಲಿನ ಕರುಣೆಯಿಂದ ಹೇಳಿದೆ ಎಂದುಕೊಂಡಿದ್ದೆ. ಕರುಣೆ ಸ್ವಲ್ಪ ಇತ್ತು. ಇಡೀ ಬಸ್ಸು ಮಾತು ನಿಲ್ಲಿಸಿ ನನ್ನನ್ನೇ ಕೇಳುತ್ತಿದೆಯೆಂಬ ಸುಖ ಅದಕ್ಕಿಂತ ಹೆಚ್ಚಿತ್ತು.

ಸೋಮವಾರ ರೇಣುಕಾ ಹೇಳಿದಳು: "ಅಕ್ಕ ಅತ್ಲು ಸರ್. ಖುಷಿಗೆ." ನಾನು ಆ ದಿನ ಮೂರು ತರಗತಿಗೂ ಬಹಳ ಚೆನ್ನಾಗಿ ಪಾಠ ಮಾಡಿದೆ.

ನಾಲ್ಕೈದು ತಿಂಗಳು ಕಳೆದವು. ಒಂದು ದಿನ ಅವಳು ಎಲ್ಲರಿಗೂ ಟಿಕೆಟ್ ಕೊಟ್ಟು ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕೂತಳು. ಹಾಗೆ ಅವಳು ಎಂದೂ ಕೂತವಳಲ್ಲ. ಬ್ಯಾಗಿನಿಂದ ಒಂದು ಇಂಗ್ಲಿಷ್ ಪುಸ್ತಕ ತೆಗೆದು ನನ್ನ ತೊಡೆಯ ಮೇಲಿಟ್ಟಳು. ನಾಲ್ಕನೆಯ ಭಾಗ. ಪರಿಚಯದ ಡ್ರೈವರೊಬ್ಬರ ಕೈಲಿ ದಾವಣಗೆರೆಯಿಂದ ತರಿಸಿದ್ದಳಂತೆ. ಪುಟಪುಟಕ್ಕೂ ಪೆನ್ಸಿಲಿನಲ್ಲಿ ಕನ್ನಡದ ಅರ್ಥಗಳು, ಇರುವೆ ಸಾಲಿನ ಹಾಗೆ. ಮೊಬೈಲಿನ ನಿಘಂಟು ನೋಡಿ, ಒಂದೊಂದೇ ಮಾತು ಹುಡುಕಿ, ತಿಂಗಳುಗಟ್ಟಲೆ ಓದಿದ್ದಾಳೆ. ಮುಗಿಸಿ ನನ್ನನ್ನು ಅಚ್ಚರಿಗೊಳಿಸಬೇಕೆಂದು ಮೊದಲೇ ಹೇಳಿರಲಿಲ್ಲ.

"ಆಕಿಗೆ ಕಣ್ಣು ಬರಂಗಿಲ್ಲರಿ ಸರ್."

ನಾನು ಏನು ಹೇಳಿದೆ ಗೊತ್ತೇ? "ಬೇರೆ ಮುದ್ರಣ ಇರಬಹುದು," ಎಂದೆ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಅವಳು ಜಗಳವಾಡಲಿಲ್ಲ. ಮುಂದಿನ ಸೀಟಿನ ಕಂಬಿ ನೋಡುತ್ತಾ ಹೇಳಿದಳು. "ಅಕ್ಕಗ ಕೋಲು ಹಿಡದು ಅಡ್ಡಾಡೋದು ಕಲಿಸಾಕ ಒಬ್ಬ ಮೇಡಂ ಬರತಿದ್ರು. ಬ್ಯಾಡ ಅಂದು ಕಳಿಸ್ಯಾಳ. ಕೋಲು ಮೂಲ್ಯಾಗ ಇಟ್ಟಾಳ. ಆಕಿಗೆ ಬಂದ್ವಲ್ಲ, ನನಗೂ ಬರತಾವ ಅಂತ ಕುಂತಾಳ. ಕತಿ ಅಂತ ಗೊತ್ತೈತ್ರಿ ಆಕಿಗೆ. ಆದರೂ ಕುಂತಾಳ."

ಬಸ್ಸು ಒಂದು ಹಳ್ಳಿಯಲ್ಲಿ ನಿಂತು ಹೊರಟಿತು. ಅವಳು ಸೀಟಿ ಊದಿ, ಮತ್ತೆ ನನ್ನ ಕಡೆ ತಿರುಗಿದಳು.

"ಓದಿಲ್ಲ ಅಂದಿದ್ರ ಏನಾಗತಿತ್ತು ಸರ್? ಇಬ್ರೂ ಕೂಡಿ ಓದತಿದ್ವಿ."

ಆ ಭಾನುವಾರ ನಾನು ಹಗರಿಬೊಮ್ಮನಹಳ್ಳಿಗೆ ಹೋದೆ. ರೇಣುಕಾ ಬೇಡವೆನ್ನಲಿಲ್ಲ, ಬನ್ನಿ ಎಂದೂ ಹೇಳಲಿಲ್ಲ. ಗಂಗಮ್ಮ ಹೊಲಿಗೆ ಮಿಷನ್ನಿನ ಪಕ್ಕ ಕೂತಿದ್ದರು. ಮಿಷನ್ನಿಗೆ ಹಳೆಯ ಸೀರೆ ಮುಚ್ಚಿತ್ತು. ಮಾಡಿದ್ದನ್ನು ಹೇಳಿದೆ. ಐದು ವಾಕ್ಯ. ಜೀವನದಲ್ಲಿ ಅಷ್ಟು ಕಷ್ಟದ ಪಾಠ ಮಾಡಿಲ್ಲ.

ಗಂಗಮ್ಮ ಮಿಷನ್ನಿನ ಮೇಲಿನ ಸೀರೆಯ ಅಂಚನ್ನು ಸರಿಮಾಡಿದರು. ಆಮೇಲೆ ತಂಗಿಗೆ ಹೇಳಿದರು: "ರೇಣು, ಚಾ ಮಾಡು. ಕುಡುದು ಹೋಗ್ಲಿ ಅವ್ರು."

ಕುಡಿದೆ, ಆದರೆ ಏಳಲಾಗಲಿಲ್ಲ. "ಅಕ್ಕ, ನಿಜವಾದ್ದನ್ನು ಓದಿ ಹೇಳಲೇ?" ಎಂದೆ.

"ಅದರಾಗ ಆಕಿಗೆ ಕಣ್ಣು ಬರತಾವೇನು?"

"ಇಲ್ಲ."

ಗಂಗಮ್ಮ ನನ್ನ ಕಡೆ ಮುಖ ತಿರುಗಿಸಿದರು. "ಓದ್ರಿ. ಈ ಸಲ ಖರೇದು ಓದ್ರಿ."

ನಾನು ಒಂದು ವಾಕ್ಯ ಓದಿ ಕನ್ನಡದಲ್ಲಿ ಹೇಳುವುದು, ತಪ್ಪಿದರೆ ರೇಣುಕಾ ತಿದ್ದುವುದು. ತಪ್ಪುತ್ತಿದ್ದೆ. ಆ ಭಾಗದ ಮೊದಲ ಆರು ಅಧ್ಯಾಯ ದೀಪದ ಹೆಂಗಸು ಕೋಣೆಯಿಂದ ಹೊರಗೇ ಬರುವುದಿಲ್ಲ. ನೋಡಬಂದವರನ್ನು ಬೈಯುತ್ತಾಳೆ. ತಾನೇ ಸರಿಮಾಡಿದ ದೀಪಗಳನ್ನು ಗೋಡೆಗೆ ಎಸೆದು ಒಡೆಯುತ್ತಾಳೆ. ನನಗೆ ಓದಲು ಸಂಕೋಚವಾಗಿ ಒಂದು ಪ್ಯಾರಾ ಹಾರಿಸಿದೆ. ರೇಣುಕಾ ಬೆರಳಿಟ್ಟು ಹಿಂದಕ್ಕೆ ತಂದಳು. ಓದಿದೆ. ಗಂಗಮ್ಮ ಉಸಿರು ಬಿಟ್ಟರು.

"ಹಾಂ," ಎಂದರು. "ಹಿಂಗ ಇರತೈತಿ."

ಅಷ್ಟೇ. ಬಂಗಾರದ ನಸುಕಿಗೆ ಅತ್ತಿದ್ದವರು ಈ ಒಡೆದ ಗಾಜಿಗೆ ಅಳಲಿಲ್ಲ. ಗೋಡೆಗೆ ಒರಗಿದ್ದವರು ನೆಟ್ಟಗೆ ಕೂತರು.

ಆಮೇಲೆ ಎಷ್ಟೋ ಭಾನುವಾರ. ದೀಪದ ಹೆಂಗಸು ಕೊನೆಗೆ ಹೊರಗೆ ಬಂದಳು. ದೀಪಗಳ ಕಾವನ್ನು ಕೆನ್ನೆಯ ಮೇಲೆ ಎಣಿಸುತ್ತಾ ಓಣಿ ಹಿಡಿದಳು. ಕಾಲುವೆಗೆ ಬಿದ್ದು ಲೇಖಕನಿಗೂ ಹೊಳೆಯದಂಥ ಬೈಗುಳ ಬೈದಳು. ಬೈಗುಳದ ಕನ್ನಡ ಗಂಗಮ್ಮನವರದೇ. ಒಂದು ಕಡೆ ಅವಳು ಕೈ ಚಾಚಿ ಗೋಡೆ ಹುಡುಕುವುದು ಬಂತು. ಗಂಗಮ್ಮ ತಡೆದರು. "ಗ್ವಾಡಿ ಹತ್ರ ಬಂದ್ರ ಮಖಕ್ಕ ಗೊತ್ತಾಗತೈತ್ರಿ ಸರ್, ಕೈಗಲ್ಲ. ಬರದವ್ರಿಗೆ ಅದು ಗೊತ್ತಿಲ್ಲ. ಅವ್ರೂ ಕಣ್ಣಿದ್ದವ್ರು." ಅಂಚಿನಲ್ಲಿ ರೇಣುಕಾ ಅದನ್ನೂ ಪೆನ್ಸಿಲಿನಲ್ಲಿ ಬರೆದಳು.

ಒಂದು ಭಾನುವಾರ ಮಧ್ಯಾಹ್ನ ಹೋದರೆ ಮನೆಗೆ ಬೀಗ. ರೇಣುಕಾಳ ಮುಖ ಬಿಳುಪಾಯಿತು. ಓಣಿಯ ತುದಿಯಲ್ಲಿ ಹಿಟ್ಟಿನ ಗಿರಣಿ. ಅದರ ಬಾಗಿಲಿಂದ ಬಿಸಿಲಿನೊಳಗೆ ಬಿಳಿಯ ಪುಡಿ ಹೊಗೆಯ ಹಾಗೆ ತೇಲುತ್ತಿತ್ತು. ಅದರೊಳಗಿಂದ ಗಂಗಮ್ಮ ಬಂದರು. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಜೋಳದ ಹಿಟ್ಟಿನ ಡಬ್ಬಿ, ತಲೆಯೆಲ್ಲ ಹಿಟ್ಟು. ಚರಂಡಿಯ ಹತ್ತಿರ ಒಂದು ಕ್ಷಣ ನಿಂತು, ಕೋಲಿನಿಂದ ತಟ್ಟಿ ನೋಡಿ, ದಾಟಿದರು. ನಾವಿಬ್ಬರೂ ನಿಂತಲ್ಲೇ ನಿಂತಿದ್ದೆವು. ಇಷ್ಟು ದಿನ ಬಾಗಿಲು ಹುಡುಕಿದ ರೇಣುಕಾ ನನ್ನ ತೋಳು ಹಿಡಿದುಕೊಂಡಳು.

"ಯಾರ ಅದು? ಸುಮ್ನ ನಿಂತು ನೋಡಬ್ಯಾಡ್ರಿ," ಎಂದರು ಗಂಗಮ್ಮ. "ಡಬ್ಬಿ ಹಿಡೀರಿ."

ಈಗ ರೇಣುಕಾ ಹಡಗಲಿ ಕಡೆಯ ಬಸ್ಸಿನಲ್ಲಿದ್ದಾಳೆ. ಭಾನುವಾರ ತಪ್ಪಿಲ್ಲ. ಐದನೆಯ ಭಾಗದಲ್ಲಿ ಕೊನೆಯ ಹತ್ತು ಪುಟ ಉಳಿದಿವೆ. ಗಂಗಮ್ಮ ಬೇಕೆಂದೇ ವಾರಕ್ಕೆ ಒಂದೇ ಪುಟ ಓದಿಸುತ್ತಾರೆ.

ಇತ್ತ ಬಸ್ಸಿನಲ್ಲಿ ನನ್ನ ಪಕ್ಕದ ಹುಡುಗಿಗೆ ನಾನು ಓದಿಲ್ಲವೆಂದದ್ದು ಬೇಸರವಾಗಲಿಲ್ಲ, ಖುಷಿಯಾಯಿತು.

"ಹಂಗಾರ ಮೊದಲಿಂದ ಹೇಳ್ಲೇನ್ರಿ ಸರ್?"

"ಹೇಳಮ್ಮ," ಎಂದು ಅವಳ ಕಡೆ ತಿರುಗಿ ಕೂತೆ. ಕೂಡ್ಲಿಗಿ ಬಂದಾಗ ಕಥೆ ಇನ್ನೂ ಮೊದಲ ಓಣಿಯಲ್ಲೇ ಇತ್ತು. ಇಳಿಯುವ ಮುಂಚೆ ಪುಸ್ತಕದ ಹೆಸರನ್ನು ಅಂಗೈ ಮೇಲೆ ಬರೆದುಕೊಂಡೆ. ಮುಂದೇನು ಓದುವುದೆಂದು ಅಕ್ಕ ಕೇಳಿದರೆ ಹೇಳಬೇಕಲ್ಲ, ಇದೊಂದಿದೆ, ನಾವು ಮೂವರೂ ಓದಿಲ್ಲ ಎಂದು.